ಮಾರುವ ಮುನ್ನ ಹಳೆಯ ಚಿನ್ನದ ನಾಣ್ಯಕ್ಕೆ ಮೆರುಗು ಹಾಕಿಸಬೇಕೇ?

ಬೇಡ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟೇ ಸಾಕು.

ಅಜ್ಜಿಯ ಪೆಟ್ಟಿಗೆಯಲ್ಲಿ ನಾಲ್ಕು ನಾಣ್ಯ ಸಿಕ್ಕಿವೆ, ಕಪ್ಪು ಹಿಡಿದಿವೆ, ಒಂದಕ್ಕೆ ಕೊಂಡಿ ಇದೆ, ಅಕ್ಕಸಾಲಿಗರಿಂದ ಕೊಂಡಿ ತೆಗೆಸಿ ಹೊಳಪು ಮಾಡಿಸಿ ಮಾರಲೇ ಎಂದು ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಎದೆ ಧಸಕ್ಕೆಂದಿತು. ಕೊಂಡಿಯ ಸಮೇತ ಇದು ನನ್ನದೇ ಕಥೆ.

ನಮ್ಮದು ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಹತ್ತಿರದ ಒಂದು ಹಳ್ಳಿ. ತೋಟಕ್ಕೆ ಎಲೆಚುಕ್ಕಿ ರೋಗ ಹೊಕ್ಕು ಅಡಿಕೆ ಕೈಕೊಟ್ಟ ವರ್ಷ ಸಾಲದ ಕಂತು ಕಟ್ಟಲು ದಾರಿ ಇರಲಿಲ್ಲ. ಅಮ್ಮ ದೇವರ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಒಳಗೆ ಎರಡು ಸವರನ್, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ, ಜೊತೆಗೆ ಒಂದು ವರಹ, ನಮ್ಮ ಹಳೆಯ ರಾಜರ ಚಿನ್ನದ ನಾಣ್ಯ. ವರಹ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಒಂದು ಬದಿಯಲ್ಲಿ ಶಿವ ಪಾರ್ವತಿ ಜೋಡಿಯಾಗಿ ಕುಳಿತಿದ್ದರು. ಅಜ್ಜಿ ಅದನ್ನು ಕರಿಮಣಿಯ ಜೊತೆ ಪೋಣಿಸಿಕೊಳ್ಳುತ್ತಿದ್ದಳಂತೆ, ಅದಕ್ಕೇ ಕೊಂಡಿ. ಸಂದುಗಳಲ್ಲೆಲ್ಲ ಅರಿಸಿನ ಕುಂಕುಮದ ಜಿಡ್ಡು ಕಪ್ಪಾಗಿ ಕೂತಿತ್ತು.

ನಾನು ಮೊಬೈಲಿನಲ್ಲಿ ಚಿತ್ರ ತೆಗೆದೆ. ದೇವರಿರುವ ಬದಿಯದು ಮಾತ್ರ. ಹಿಂಬದಿ ಎಂದರೆ ಹಿಂಬದಿ, ಅದನ್ನು ಯಾರು ನೋಡುತ್ತಾರೆ ಎಂಬ ಲೆಕ್ಕ.

ಪೇಟೆಯ ಆಚಾರರೊಬ್ಬರ ಹತ್ತಿರ ಹೋದೆ. ಅವರದು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ, ಹೇಳಿದ ಕೆಲಸ ಮಾಡಿದರು. ಹೇಳಿದವನು ನಾನು. ಕೊಂಡಿಯ ಬೆಸುಗೆಗೆ ಬೆಂಕಿ ಊದಿ ಬಿಡಿಸಿದರು. ಉಳಿದ ಗುಬುಟನ್ನು ಅರದಿಂದ ಉಜ್ಜಿದರು. ಬೆಂಕಿಗೆ ಕಪ್ಪಾಗಿದ್ದನ್ನು ಆಮ್ಲದಲ್ಲಿ ಅದ್ದಿ ತೆಗೆದರು. ಕೊನೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಮೆರುಗಿನ ಮೇಣ ಹಚ್ಚಿ ಎರಡೂ ಬದಿಯನ್ನು ಹಿಡಿದರು. ಕೊಂಡಿ ತೆಗೆದಾಗ 3.40 ಗ್ರಾಂ ಇದ್ದದ್ದು ಕೈಗೆ ಬರುವಾಗ 3.26 ಆಗಿತ್ತು. ನಾಣ್ಯ ಹೊಸ ಉಂಗುರದ ಹಾಗೆ ಹೊಳೆಯುತ್ತಿತ್ತು. ನಷ್ಟ ಎಂದರೆ ಆ 0.14 ಗ್ರಾಂ ಮಾತ್ರ ಎಂದುಕೊಂಡು ಬೆಂಗಳೂರಿನ ಬಸ್ ಹತ್ತಿದೆ.

ನಾಣ್ಯದ ವ್ಯಾಪಾರಿ ಭೂತಗನ್ನಡಿ ಹಿಡಿದು ಶಿವ ಪಾರ್ವತಿಯರನ್ನು ಒಂದು ಕ್ಷಣ ನೋಡಿದರು, ತಕ್ಷಣ ಮಗುಚಿದರು. ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ತಿರುಗಿಸಿದರು. "ಇಲ್ಲಿ ಏನಿತ್ತು ಸಾರ್?" ಎಂದರು.

ಅವರು ಆಮೇಲೆ ಹೇಳಿದ ಸಂಗತಿ ನಮ್ಮ ಊರಿನದೇ, ನನಗೇ ಗೊತ್ತಿರಲಿಲ್ಲ. ಶಿವ ಪಾರ್ವತಿಯ ವರಹ ವಿಜಯನಗರದ ಅರಸರ ಕಾಲದಲ್ಲೇ ಇತ್ತು. ನಮ್ಮ ಕಡೆ ಅದನ್ನು ಟಂಕಿಸಿದವರು ಇಕ್ಕೇರಿಯ ನಾಯಕರು. ಅವರದರ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂದಿರುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಈಗಿನ ನಗರವನ್ನು, ಗೆದ್ದ. ಜನ ನಂಬಿದ ನಾಣ್ಯದ ಮುಖವನ್ನು ಬದಲಿಸುವ ಗೋಜಿಗೆ ಅವನು ಹೋಗಲಿಲ್ಲ. ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಒತ್ತಿಸಿದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೂ ಅದೇ ದೇವರ ಜೋಡಿ, ಹಿಂಬದಿಯಲ್ಲಿ ಮಾತ್ರ ನಾಗರಿಯಲ್ಲಿ ಶ್ರೀ ಕೃಷ್ಣರಾಜ. ಮುಂಬದಿ ಒಂದೇ, ರಾಜರು ಮೂವರು. ಯಾರದು ಎಂದು ಹೇಳುವುದು ಹಿಂಬದಿಯೊಂದೇ.

ವ್ಯಾಪಾರಿ ತಮ್ಮ ತಟ್ಟೆಯಿಂದ ಹೈದರನ ಒಂದು ವರಹ ತೆಗೆದು ನನ್ನದರ ಪಕ್ಕ ಇಟ್ಟರು. ಮಂಕಾಗಿತ್ತು, ಸಂದುಗಳಲ್ಲಿ ಕಪ್ಪು ಹಾಗೇ ಇತ್ತು. ರಾಗಿ ಚೆಲ್ಲಿದ ಹಾಗೆ ತುಂಬಾ ಸಣ್ಣ ಚುಕ್ಕೆಗಳು, ಅವುಗಳ ನಡುವೆ ಕೊಕ್ಕೆಯಂತೆ ಬಾಗಿದ ಒಂದೇ ಅಕ್ಷರ. ಆ ಕಪ್ಪು ಇದ್ದದ್ದರಿಂದಲೇ ಪ್ರತಿ ಚುಕ್ಕೆಯೂ ಎದ್ದು ಕಾಣುತ್ತಿತ್ತು. ನನ್ನ ನಾಣ್ಯದ ಹಿಂಬದಿ ಕೊರಡು ಹೊಡೆದ ಗದ್ದೆ. ಒಂದು ಕಡೆ ಏನೋ ಬಾಗಿದ ನೆರಳು, ಅಂಚಿನಲ್ಲಿ ನಾಲ್ಕೈದು ಚುಕ್ಕೆ. "ಅಕ್ಷರ ಕಂಡಿದ್ದರೆ ಚಿನ್ನದ ಬೆಲೆಯ ಒಂದೂವರೆ ಪಟ್ಟು ಕೊಡುತ್ತಿದ್ದೆ. ಈಗ ತೂಕಕ್ಕೆ ತೆಗೆದುಕೊಳ್ಳಬಹುದು ಅಷ್ಟೇ," ಎಂದರು. ಅಮ್ಮನಿಗೆ ಫೋನ್ ಮಾಡಿದೆ. "ಹಿಂದೆ ಚುಕ್ಕಿ ಚುಕ್ಕಿ ಇತ್ತಲ್ಲೋ, ತೊಳೆಯುವಾಗ ಬೆರಳಿಗೆ ತಾಗುತ್ತಿತ್ತು," ಎಂದಳು. ಅದನ್ನೂ ಅವರಿಗೆ ಹೇಳಿದೆ. ನೆನಪಿಗೆ ಬೆಲೆ ಕಟ್ಟಲು ಬರುವುದಿಲ್ಲ ಎಂದು ನಕ್ಕರು. ಹಿಂಬದಿಯ ಚಿತ್ರ ಇದೆಯೇ ಎಂದು ಕೇಳಿದರು. ಇರಲಿಲ್ಲ ಎಂದು ನಿಮಗೆ ಗೊತ್ತೇ ಇದೆ.

ಈಗ ನನ್ನ ತಪ್ಪನ್ನು ಇನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚಿನ್ನ ಕಬ್ಬಿಣದ ಹಾಗೆ ತುಕ್ಕು ಹಿಡಿದು ಸವೆಯುವುದಿಲ್ಲ. ಕಪ್ಪು ಕಾಣುವುದು ಬಹುಪಾಲು ಮೇಲೆ ಕೂತ ಕೊಳೆ. ಅದು ನಾಣ್ಯವನ್ನು ತಿನ್ನುವುದಿಲ್ಲ. ತಿನ್ನುವುದು ಮೆರುಗಿನ ಚಕ್ರ. ಅದು ಮೊದಲು ಹಿಡಿಯುವುದು ಎತ್ತರದ ಜಾಗವನ್ನು. ನಾಣ್ಯದಲ್ಲಿ ಎತ್ತರದ ಜಾಗ ಎಂದರೆ ಅಕ್ಷರ, ಚುಕ್ಕೆ, ದೇವರ ಮೂಗು, ಕೈಬೆರಳು. ಬೆಲೆ ಇರುವುದೆಲ್ಲ ಅಲ್ಲೇ. ಒಂದಷ್ಟನ್ನು ಕೆರೆದು ತೆಗೆಯುತ್ತದೆ, ಇನ್ನೊಂದಷ್ಟನ್ನು ಪಕ್ಕದ ತಗ್ಗಿಗೆ ಎಳೆದು ಸವರುತ್ತದೆ. ಇನ್ನೂರು ವರ್ಷ ಕೈಯಿಂದ ಕೈಗೆ ಹೋದರೂ ಸವೆಯದ್ದು ನಾಲ್ಕು ನಿಮಿಷದಲ್ಲಿ ಸವೆಯಿತು. ಕೊಂಡಿಯ ವಿಷಯವೂ ಹಾಗೆಯೇ. ಕೊಂಡಿ ಇದ್ದರೆ ಬೆಲೆ ಇಳಿಯುವುದು ನಿಜ, ಆದರೆ ಅದು ಬೆಸುಗೆ ಹಾಕಿದ ದಿನವೇ ಇಳಿದಾಯಿತು, ತೆಗೆಸಿದರೆ ವಾಪಸ್ಸು ಬರುವುದಿಲ್ಲ. ಬೆಂಕಿಯ ಕಲೆ, ಅರದ ಗೀರು ಎಂಬ ಎರಡು ಹೊಸ ಗಾಯಗಳು ಸೇರುತ್ತವೆ.

ಇನ್ನು ನಿಮ್ಮ ಇನ್ನೊಂದು ಮಾತು, ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಕಂಠೀರವ ನರಸರಾಜ ಒಡೆಯರು ಆಳಿದ್ದು 1638ರಿಂದ 1659ರವರೆಗೆ. ನರಸಿಂಹನಿರುವ ಅವರ ಪುಟ್ಟ ಚಿನ್ನದ ಹಣ, ಕಂಠೀರಾಯ ಹಣ, ಇಂದಿಗೂ ಬೇಕಾದಷ್ಟು ಸಿಗುತ್ತದೆ. ಅವರ ನಂತರವೂ ಅದೇ ಮಾದರಿ ಬಂದಿತು. ಅದರ ಎದುರು 1917ರ ಲಂಡನ್ ಸವರನ್ ಮೊನ್ನೆಯದು, ಆದರೂ ಸಿಗುವುದೇ ಕಷ್ಟ. ಕೃಷ್ಣದೇವರಾಯನ ಹೆಸರು ಕೇಳಿದರೆ ಜನ ಲಕ್ಷಗಳ ಕನಸು ಕಾಣುತ್ತಾರೆ. ಬಾಲಕೃಷ್ಣ ಕುಳಿತಿರುವ ಅವನ ವರಹ, ಅರ್ಧ ವರಹ ಮಾರುಕಟ್ಟೆಯಲ್ಲಿ ಓಡಾಡುತ್ತಲೇ ಇರುತ್ತವೆ, ನಕಲಿಗಳೂ ಜೊತೆಗೆ. ಮೊಬೈಲಿಗೆ ಬರುವ "ಈ ನಾಣ್ಯ ಇದ್ದರೆ ನೀವು ಕೋಟ್ಯಧಿಪತಿ" ವಿಡಿಯೋಗಳನ್ನು ಅಳಿಸಿಬಿಡಿ.

ಸವರನ್ನಿನ ವಿಷಯ ಬೇಗ ಮುಗಿಸುತ್ತೇನೆ. ಸುಮಾರು 7.98 ಗ್ರಾಂ, 22 ಕ್ಯಾರಟ್, ಯಂತ್ರದಲ್ಲಿ ಲಕ್ಷಗಟ್ಟಲೆ ಒತ್ತಿದ್ದು. ಹೆಚ್ಚಿನವಕ್ಕೆ ಚಿನ್ನದ ಬೆಲೆಯ ಮೇಲೆ ಅಷ್ಟಿಷ್ಟು ಸಿಗುತ್ತದೆ. ಆದರೆ ಐದನೇ ಜಾರ್ಜ್ ದೊರೆಯದಾಗಿದ್ದರೆ ಹಿಂಬದಿಯಲ್ಲಿರುವ ಕುದುರೆಯ ಕೆಳಗೆ, ಇಸವಿಯ ಮೇಲಿನ ನೆಲದಲ್ಲಿ ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರ ಇದೆಯೇ ನೋಡಿ. ಎಸ್ ಎಂದರೆ ಸಿಡ್ನಿ, ಎಂ ಎಂದರೆ ಮೆಲ್ಬರ್ನ್, ಪಿ ಎಂದರೆ ಪರ್ತ್. ಐ ಇದ್ದರೆ ಬೊಂಬಾಯಿಯದು, ಅಲ್ಲಿ 1918ರಲ್ಲಿ ಮಾತ್ರ ಒತ್ತಿದ್ದು, ಸುಮಾರು 13 ಲಕ್ಷ. ಮೇಲೆ ಹೇಳಿದ 1917ರ ಲಂಡನ್ನಿನದರಲ್ಲಿ ಅಕ್ಷರವೇ ಇರುವುದಿಲ್ಲ. ನನ್ನ ಎರಡೂ ಸಿಡ್ನಿಯವು. ತೂಕಕ್ಕೆ ಹೋದವು, ಕಂತು ಕಟ್ಟಿದೆ.

ಕೈಯಿಂದ ಹೊಡೆದ ನಾಣ್ಯವನ್ನು ಸವರನ್ನಿನ ಕಣ್ಣಿನಿಂದ ನೋಡಬೇಡಿ. ಹೊಯ್ಸಳ ರಾಜ ವಿಷ್ಣುವರ್ಧನನ "ಶ್ರೀ ತಳಕಾಡುಗೊಂಡ" ಎಂದು ಕನ್ನಡದಲ್ಲೇ ಬರೆದ ಗದ್ಯಾಣ, ಅಂದರೆ ಚಿನ್ನದ ನಾಣ್ಯ, ಇದೆಯಲ್ಲ, ಅಂಥವುಗಳಲ್ಲಿ ಬರಹ ಅಂಚಿನಾಚೆ ಹೋಗಿ ಅರ್ಧಕ್ಕೆ ನಿಂತಿರಬಹುದು. ಅದು ಸವೆದದ್ದಲ್ಲ, ಅಚ್ಚು ಬಿಲ್ಲೆಯ ಮೇಲೆ ಸರಿಯಾಗಿ ಕೂರಲಿಲ್ಲ ಅಷ್ಟೇ. ಎಲ್ಲ ಅಕ್ಷರಗಳೂ ಬಿಲ್ಲೆಯೊಳಗೇ ಬಂದಿದ್ದರೆ ಅದೇ ನಾಣ್ಯಕ್ಕೆ ಹೆಚ್ಚು ಬೆಲೆ.

ಕಾನೂನಿನ ಮಾತೂ ಒಂದಿದೆ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಸರಿ. ಮನೆ ಕೆಡವುವಾಗ ನೆಲದಡಿ ಸಿಕ್ಕಿದ್ದಾದರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ್ದನ್ನು ವಿದೇಶದವರಿಗೆ ಕಳುಹಿಸಲು ಹೊರಟರೆ 1972ರ ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ.

ನನ್ನ ವರಹವನ್ನು ಮಾರಲಿಲ್ಲ. ಅಮ್ಮ ಅದಕ್ಕೆ ಮತ್ತೆ ಕುಂಕುಮ ಹಚ್ಚುತ್ತಿದ್ದಾಳೆ.

ನೀವು ಹಾಕಿರುವ ಚಿತ್ರದಲ್ಲಿ ನಾಲ್ಕೂ ನಾಣ್ಯಗಳು ಮುಖ ಮೇಲೆ ಮಾಡಿ ಕೂತಿವೆ. ಎರಡನೆಯದರಲ್ಲಿ ಕಾಣುವುದು ಶಿವ ಪಾರ್ವತಿಯೇ ಎಂದು ನನ್ನ ಕಣ್ಣಿಗೆ ತೋರುತ್ತದೆ. ಅಂಚನ್ನು ಹಿಡಿದು ಎಲ್ಲವನ್ನೂ ಮಗುಚಿ, ಬೆಳಿಗ್ಗೆಯ ಬಿಸಿಲು ಓರೆಯಾಗಿ ಬೀಳುವ ಕಿಟಕಿಯ ಹತ್ತಿರ ಇಟ್ಟು ಇನ್ನೊಂದು ಚಿತ್ರ ತೆಗೆದು ಹಾಕಿ. ತೊಳೆಯದೆ.