ಖಾಲಿ ನೋಟ್‌ಬುಕ್ಕಿನ ವಾರ

ಹಾಸನ ಜಿಲ್ಲೆಯ ನಿವೃತ್ತ ನೌಕರರೊಬ್ಬರು ಬರೆದ ಪತ್ರದ ಸಾರಾಂಶ: ‘ನನ್ನ ಮೊಮ್ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಸೋಮವಾರದಿಂದ ಶನಿವಾರದವರೆಗೆ ಅವಳ ನೋಟ್‌ಬುಕ್ ತೆಗೆದು ನೋಡಿದೆ, ಒಂದು ಪುಟವೂ ತುಂಬಿಲ್ಲ. ಏನು ಕಲಿತೆ ಎಂದರೆ ಹಾಡಿದೆವು, ಕಡ್ಡಿ ಎಣಿಸಿದೆವು, ಎಲೆ ತಂದೆವು ಎನ್ನುತ್ತಾಳೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂರುತ್ತಾರೆ. ನಮ್ಮ ಕಾಲದಲ್ಲಿ ದಿನಕ್ಕೊಂದು ಪುಟ ಕಾಪಿ, ಸಂಜೆ ಮಗ್ಗಿ ಇರುತ್ತಿತ್ತು. ಇದು ಶಾಲೆಯೋ ಆಟದ ಮನೆಯೋ? ಮಗುವನ್ನು ಪಟ್ಟಣದ ಕಾನ್ವೆಂಟಿಗೆ ಸೇರಿಸಬೇಕೇ?’

ಮಾನ್ಯರೇ,

ನಿಮ್ಮ ಪತ್ರವನ್ನು ಸಂಪಾದಕೀಯ ಬಳಗದವರೆಲ್ಲ ಓದಿದೆವು. ಮೊಮ್ಮಗಳ ನೋಟ್‌ಬುಕ್ಕನ್ನು ವಾರವಿಡೀ ತೆಗೆದು ನೋಡುವ ಅಜ್ಜಂದಿರು ಎಷ್ಟು ಮಂದಿ ಇದ್ದಾರೆ? ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ನೀವು ಹುಡುಕುತ್ತಿರುವ ಕಲಿಕೆ ಆ ನೋಟ್‌ಬುಕ್ಕಿನಲ್ಲಿ ಸಿಗುವುದಿಲ್ಲ. ಅದು ಬೇರೆ ಕಡೆ ಇದೆ. ಇದನ್ನು ಮಾತಿನಲ್ಲಷ್ಟೇ ಹೇಳಿದರೆ ನಿಮಗೆ ಸಮಾಧಾನವಾಗದೆಂದು ಮೈಸೂರು ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ವಾರ ಕುಳಿತು ನೋಡಿ ಬಂದು ಈ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳು ಕಲಿಯುತ್ತಿರುವುದು ‘ನಲಿ-ಕಲಿ’ ಪದ್ಧತಿಯಲ್ಲಿ. ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಿಕ್ಷಕರ ತಂಡವೊಂದು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಸುತ್ತಲಿನ ಹಳ್ಳಿಗಳ ಸಣ್ಣ ಶಾಲೆಗಳಲ್ಲಿ ನಡೆಯುತ್ತಿದ್ದ ಬೋಧನೆಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ತಕ್ಕಂತೆ ಅದನ್ನು ರೂಪಿಸಿತು. ಹೆಗ್ಗಡದೇವನಕೋಟೆಯಂಥ ಕಾಡಂಚಿನ ತಾಲ್ಲೂಕಿನ ಕಷ್ಟ ನಿಮಗೆ ಗೊತ್ತಿರಬಹುದು. ತಂದೆ ತಾಯಿ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರೆ ಮಗುವೂ ಜೊತೆಗೆ ಹೋಗುತ್ತದೆ. ವಾರಗಟ್ಟಲೆ ಕಳೆದು ಮರಳುವಷ್ಟರಲ್ಲಿ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ, ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತದೆ, ಕೊನೆಗೆ ಶಾಲೆಯನ್ನೇ ಬಿಡುತ್ತದೆ. ಇಂಥ ಮಗು ಮರಳಿ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಯಲು ಆಗುವಂಥ ವ್ಯವಸ್ಥೆ ಬೇಕಿತ್ತು. ಅದಕ್ಕಾಗಿ ಪಾಠಪುಸ್ತಕವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದರು. 2009-10ರಲ್ಲಿ ಈ ಪದ್ಧತಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಮರುವರ್ಷ ಮೂರನೆಯದಕ್ಕೂ ವಿಸ್ತರಿಸಿತು.

ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂರುವುದು ಈ ಪದ್ಧತಿಯ ಒಳಗಿನ ಏರ್ಪಾಡು, ಕೋಣೆಯ ಕೊರತೆಯಿಂದಷ್ಟೇ ಆದದ್ದೆಂದು ತಿಳಿಯಬೇಡಿ. ಬೆಳಿಗ್ಗೆ ಮಗು ಗೋಡೆಯ ಮೇಲಿನ ಏಣಿಯ ಪಟದಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ನೋಡಿಕೊಳ್ಳುತ್ತದೆ. ಮೆಟ್ಟಿಲಿಗೊಂದು ಚಿತ್ರದ ಗುರುತು ಇರುವುದರಿಂದ ಓದಲು ಬಾರದ ಮಗುವೂ ಆ ಮೆಟ್ಟಿಲಿನ ಪಾಠದ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಗುಂಪು ಸೇರುತ್ತದೆ. ಹೊಸದನ್ನು ಕಲಿಯುವ ಮಕ್ಕಳ ಗುಂಪಿನಲ್ಲಿ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ. ಮುಂದಿನ ಗುಂಪಿಗೆ ಅರ್ಧ ನೆರವು, ಅದರಾಚೆ ಗೆಳೆಯರ ನೆರವು, ಕೊನೆಗೆ ಮಗು ತಾನೇ ಅಭ್ಯಾಸ ಮಾಡಬೇಕು.

ಸೋಮವಾರ ನಾನು ಹೆಚ್ಚು ಹೊತ್ತು ಕುಳಿತದ್ದು ಒಂದನೇ ತರಗತಿಯ ಹುಡುಗನೊಬ್ಬನ ಪಕ್ಕದಲ್ಲಿ. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಸಾಗುವುದಿಲ್ಲ. ಮೊದಲು ಬರುವ ಐದು ಅಕ್ಷರಗಳು ರ, ಗ, ಸ, ದ, ಅ. ಬರೆಯಲು ಸುಲಭ, ಕಾಗುಣಿತವಿಲ್ಲದೆಯೇ ಪದ ಕಟ್ಟಬಹುದು. ಹುಡುಗ ಅಕ್ಷರದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಸ, ರ ಇಟ್ಟ. ಬೆರಳಿಟ್ಟು ‘ಸ-ರ’ ಎಂದ. ಎರಡನ್ನೂ ಅದಲು ಬದಲು ಮಾಡಿ ‘ರ-ಸ’ ಎಂದ. ನಾನು ನೋಡುತ್ತಿರುವುದು ಗೊತ್ತಾಗಿ ಹುರುಪು ಬಂತೋ ಏನೋ, ‘ಅರಸ’ ಮಾಡಿದ, ಪಕ್ಕದವಳ ಚೀಟಿಯನ್ನೂ ಎಳೆದುಕೊಂಡು ‘ಸರಸರ’ ಮಾಡಿದ. ಅವಳು ಜಗಳವಾಡಿ ತನ್ನ ‘ರ’ ವಾಪಸು ಪಡೆದಳು. ಆಮೇಲೆ ಇಬ್ಬರೂ ಸೇರಿ ‘ಗರಗಸ’ ಕಟ್ಟಿದರು, ಒಂದು ‘ಗ’ ಇವನದು, ಇನ್ನೊಂದು ಅವಳದು. ಗರಗಸ ಎಂದರೇನು ಎಂದು ಕೇಳಿದಾಗ ಹುಡುಗ ಎದ್ದು ನಿಂತು ಮರ ಕೊಯ್ಯುವುದನ್ನು ಮಾಡಿ ತೋರಿಸಿದ. ಅವನ ಅಪ್ಪ ಬಡಗಿಯಂತೆ.

ಆ ದಿನ ಅವನ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಆದರೆ ಅವನು ಐದು ಅಕ್ಷರಗಳಿಂದ ಪದಗಳನ್ನು ಓದಿದ್ದ, ತಾನೇ ಕಟ್ಟಿದ್ದ. ನಾವು ನಲವತ್ತೊಂಬತ್ತು ಅಕ್ಷರಗಳನ್ನೂ ತಿದ್ದಿ ಮುಗಿಸುವವರೆಗೆ ಒಂದು ಪದ ಓದಲು ಕಾದಿದ್ದೆವು. ಕಾಪಿ ಬರೆದು ಅಕ್ಷರ ದುಂಡಗಾದದ್ದು ನಿಜ, ಆದರೆ ಅಂದವಾಗಿ ನಕಲು ಮಾಡಿ ಒಂದು ಸಾಲನ್ನೂ ಓದಲಾಗದೆ ನಿಂತ ಸಹಪಾಠಿಗಳು ನಿಮ್ಮ ತರಗತಿಯಲ್ಲೂ ಇದ್ದಿರಬೇಕಲ್ಲವೇ?

‘ಕಡ್ಡಿ ಎಣಿಸಿದೆವು’ ಎಂಬ ಮಾತಿಗೆ ಬರುತ್ತೇನೆ. ಬುಧವಾರ ಮೂರನೇ ತರಗತಿಯ ಹುಡುಗಿಯೊಬ್ಬಳ ಮುಂದೆ 42ರಲ್ಲಿ 17 ಕಳೆಯುವ ಲೆಕ್ಕವಿತ್ತು. ಹತ್ತು ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಎರಡರಲ್ಲಿ ಏಳು ತೆಗೆಯಲು ಹೋಗಿ ನಿಂತಳು. ಏಳರಿಂದ ಎರಡು ಕಳೆದು ಐದು ಎಂದಳು, ಮತ್ತೆ ತಾನೇ ತಲೆಯಾಡಿಸಿದಳು. ಶಿಕ್ಷಕಿ ಬೇರೆ ಗುಂಪಿನಲ್ಲಿದ್ದರು. ಪಕ್ಕದಲ್ಲಿದ್ದ ಎರಡನೇ ತರಗತಿಯ ಹುಡುಗ, ‘ಕಟ್ಟು ಬಿಚ್ಚು’ ಎಂದ. ಒಂದು ಕಟ್ಟು ಬಿಚ್ಚಿದಳು. ಬಿಡಿ ಕಡ್ಡಿಗಳು ಹನ್ನೆರಡಾದವು. ಏಳು ತೆಗೆದಳು, ಐದು ಉಳಿಯಿತು. ಉಳಿದ ಮೂರು ಕಟ್ಟಿನಲ್ಲಿ ಒಂದನ್ನು ಸರಿಸಿದಳು. ಇಪ್ಪತ್ತೈದು. ಆಮೇಲೆ ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆಂದೇ ಬಳಿದ ಕಪ್ಪುಹಲಗೆಯ ಮೇಲೆ ಅದೇ ಲೆಕ್ಕವನ್ನು ಬರೆದು ಮಾಡಿದಳು. ‘ಪಕ್ಕದ ಮನೆಯಿಂದ ಒಂದು ದಶಕ ಎರವಲು ತಾ’ ಎಂದು ನಾವು ಮಂತ್ರದಂತೆ ಹೇಳಿಕೊಂಡು ಮಾಡುತ್ತಿದ್ದ ಕೆಲಸದ ಒಳಗುಟ್ಟು ಆ ಮಗುವಿನ ಕೈಗೆ ಸಿಕ್ಕಿತ್ತು. ಮೂರು ತರಗತಿಯವರು ಒಟ್ಟಿಗಿದ್ದುದರಿಂದಲೇ ಆ ಪುಟ್ಟ ಹುಡುಗನೂ ಮುಂದಿನ ವರ್ಷದ ಲೆಕ್ಕವನ್ನು ಈಗಲೇ ಕಂಡಿದ್ದ.

ಉಳಿದ ದಿನಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ. ದಿನವೂ ಒಂದು ಮಗು ಹೊರಗೆ ಇಣುಕಿ ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಮಳೆಯೋ ಎಂದು ಗುರುತಿಸುತ್ತದೆ, ತಿಂಗಳ ಕೊನೆಗೆ ಮಳೆಯ ದಿನ ಎಷ್ಟು, ಬಿಸಿಲಿನ ದಿನ ಎಷ್ಟು ಎಂದು ಎಲ್ಲರೂ ಸೇರಿ ಎಣಿಸುತ್ತಾರೆ. ನಿಮ್ಮ ಮೊಮ್ಮಗಳು ತಂದ ಎಲೆ ಪರಿಸರ ಅಧ್ಯಯನದ್ದಿರಬೇಕು. ನಾನು ಕಂಡ ಶಾಲೆಯಲ್ಲಿ ಹೊಂಗೆ, ನುಗ್ಗೆ, ಮಾವು, ಹಲಸು ತಂದು ಅಂಚು, ನರ, ವಾಸನೆ ನೋಡಿ ವಿಂಗಡಿಸಿದರು. ಚಿತ್ರ ಬರೆದು, ಕೋಣೆಯಲ್ಲಿ ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ‘ಕಲಿಕಾ ಚಪ್ಪರ’ದ ದಾರಕ್ಕೆ ನೇತುಹಾಕಿದರು. ಶನಿವಾರ ಬೆಳಗಿನ ಶಾಲೆ. ತಿಂಗಳ ಮೂರನೇ ಶನಿವಾರವಾದರೆ ಬ್ಯಾಗೇ ಇಲ್ಲ, ‘ಸಂಭ್ರಮ ಶನಿವಾರ’. ಇನ್ನೊಂದು ವಿಷಯ, ಈಗ ಕಾರ್ಡುಗಳ ಜೊತೆಗೆ ಅಭ್ಯಾಸ ಪುಸ್ತಕಗಳೂ ಇವೆ. ನಾನು ಹೋದ ಕಡೆ ಅವನ್ನು ಶಾಲೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಿಮ್ಮ ಮೊಮ್ಮಗಳ ಬರವಣಿಗೆ ಅಂಥ ಪುಸ್ತಕದಲ್ಲಿರಬಹುದು, ಕೇಳಿ ನೋಡಿ.

ಇಷ್ಟು ಹೇಳಿ ಎಲ್ಲವೂ ಚೆನ್ನಾಗಿದೆ ಎಂದು ಪತ್ರ ಮುಗಿಸಿದರೆ ನಿಮಗೆ ಮೋಸ ಮಾಡಿದಂತೆ. ಈ ಪದ್ಧತಿ ನಿಂತಿರುವುದು ಶಿಕ್ಷಕರು ಗುಂಪಿನಿಂದ ಗುಂಪಿಗೆ ಓಡಾಡುವುದರ ಮೇಲೆ. ಒಬ್ಬರೇ ಶಿಕ್ಷಕರು ಐದೂ ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಸಭೆಗೂ ಓಡಬೇಕಾದ ಶಾಲೆಯಲ್ಲಿ ತಾನೇ ಕಲಿಯಬೇಕಾದ ಗುಂಪು ಬರೀ ಗಲಾಟೆಯ ಗುಂಪಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಯಲ್ಲೂ ಇಬ್ಬರು ಶಿಕ್ಷಕರಿರಬೇಕು. ಅದು ಪಾಲನೆಯಾಗದ ಕಡೆ ನಲಿ ಉಳಿಯುತ್ತದೆ, ಕಲಿ ಹೋಗುತ್ತದೆ. ಏಣಿಯಲ್ಲಿ ಮಗುವನ್ನು ಕಾಗದದ ಮೇಲೆ ಮಾತ್ರ ಹತ್ತಿಸುವ ಶಾಲೆಗಳೂ ಇವೆ. ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏಣಿ, ಕಾರ್ಡು, ಗುಂಪು ಎಲ್ಲವೂ ಮಾಯವಾಗಿ ಬರೀ ಪಠ್ಯಪುಸ್ತಕ ಎದುರಾಗುತ್ತದೆ. ಆ ಜಿಗಿತಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ಕೆಲಸ ನಮ್ಮಲ್ಲಿ ಸಾಲದು. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಆದ್ದರಿಂದ ಕಾನ್ವೆಂಟಿನ ನಿರ್ಧಾರಕ್ಕೆ ಮುಂಚೆ ಒಮ್ಮೆ ಶಾಲೆಗೆ ಹೋಗಿ ಬನ್ನಿ. ಎಷ್ಟನೇ ಪುಟ ಆಯಿತು ಎಂದು ಕೇಳಬೇಡಿ. ಮೊಮ್ಮಗಳು ಕನ್ನಡದಲ್ಲಿ, ಗಣಿತದಲ್ಲಿ ಯಾವ ಮೆಟ್ಟಿಲಿನಲ್ಲಿದ್ದಾಳೆ, ಜೂನ್‌ನಲ್ಲಿ ಎಲ್ಲಿದ್ದಳು, ಅವಳು ಎಡವುತ್ತಿರುವುದು ಎಲ್ಲಿ ಎಂದು ಕೇಳಿ. ಶಿಕ್ಷಕಿ ತಕ್ಷಣ ಉತ್ತರ ಕೊಟ್ಟರೆ ನಿಶ್ಚಿಂತೆಯಿಂದ ಅಲ್ಲಿಯೇ ಬಿಡಿ. ಉತ್ತರ ಬಾರದಿದ್ದರೆ, ಅಥವಾ ಅಲ್ಲಿ ಶಿಕ್ಷಕರೇ ಇಲ್ಲದಿದ್ದರೆ, ಮಗುವಿನ ತಂದೆಯೋ ತಾಯಿಯೋ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಎತ್ತಲಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಹೋಗಲಿ. ಮನೆಮಾತಿನಲ್ಲಿ ಓದು ಗಟ್ಟಿಯಾಗುವ ಮೊದಲೇ ಏಳು ವರ್ಷದ ಮಗುವನ್ನು ನಡುವರ್ಷದಲ್ಲಿ ಕಿತ್ತು ಅರಿಯದ ಭಾಷೆಯ ತರಗತಿಯಲ್ಲಿ ಕೂರಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ತುಂಬಿದ ನೋಟ್‌ಬುಕ್ ನಿಮಗೆ ಅಲ್ಲಿ ಖಂಡಿತ ಸಿಗುತ್ತದೆ. ಅದರಲ್ಲಿ ಬರೆದದ್ದನ್ನು ಅವಳು ಓದಿ ಹೇಳಬಲ್ಲಳೇ ಎಂಬುದು ಬೇರೆ ಪ್ರಶ್ನೆ.

ಮಗ್ಗಿಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ. ಬಾಯಿಪಾಠವೆಂದರೆ ಮೂಗು ಮುರಿಯುವ ಈಗಿನ ಚಾಳಿ ನನಗೆ ಹಿಡಿಸದು. ಗಂಟೆ ಏಳಾದರೆ ದೀಪದ ಮುಂದೆ ಕೂರಿಸಿಕೊಂಡು ಹೇಳಿಸಿ. ಮೊದಲು ಹುಣಸೆ ಬೀಜಗಳನ್ನು ಎರಡೆರಡಾಗಿ, ಮೂರುಮೂರಾಗಿ ಸಾಲು ಇಡಿಸಿ. ಮೂರರ ಸಾಲು ನಾಲ್ಕಾದರೆ ಹನ್ನೆರಡೆಂದು ಅವಳೇ ಎಣಿಸಿ ಹೇಳಿದ ಮೇಲೆ ‘ಮೂರು ನಾಲ್ಕಲ ಹನ್ನೆರಡು’ ಶುರು ಮಾಡಿ. ಶಾಲೆಗೆ ಹೋಗಿ ಬಂದ ಮೇಲೆ ಮತ್ತೊಂದು ಪತ್ರ ಬರೆಯಿರಿ, ಶಿಕ್ಷಕಿ ಕೊಟ್ಟ ಉತ್ತರವನ್ನೂ ಸೇರಿಸಿ ಪ್ರಕಟಿಸುತ್ತೇವೆ.

– ಸಂಪಾದಕ