ಹಳೇ ಸ್ವಿಫ್ಟ್‌ಗೆ ರೀಮ್ಯಾಪ್ ಒಳ್ಳೆಯದಾ, ಟ್ಯೂನಿಂಗ್ ಬಾಕ್ಸಾ?

ಪ್ರಶ್ನೆ: ನನ್ನದು 1.3 ಲೀಟರ್ ಡೀಸೆಲ್ ಸ್ವಿಫ್ಟ್. ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದ್ದೇನೆ. ಕೈಯಲ್ಲಿ 30,000 ರೂಪಾಯಿ ಇದೆ. ಪವರ್ ಹೆಚ್ಚಿಸಲು ಮುಂದೇನು ಮಾಡಿಸಲಿ?
– ಓದುಗರು, ಸುರತ್ಕಲ್

ಉತ್ತರ: ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಒಳಗಿನ ಸಾಫ್ಟ್‌ವೇರನ್ನೇ ಬದಲಿಸಿ. ಟ್ಯೂನಿಂಗ್ ಬಾಕ್ಸ್ ಹೊರಗಿನಿಂದ ಸೆನ್ಸರ್ ಸಿಗ್ನಲ್ ತಿದ್ದಿ ಇಸಿಯುಗೆ ತಪ್ಪು ಲೆಕ್ಕ ಕೊಡುತ್ತದೆ, ಅಷ್ಟೇ. ರೀಮ್ಯಾಪ್‌ನಲ್ಲಾದರೆ ಡೀಸೆಲ್ ಪ್ರಮಾಣವನ್ನು ನೇರವಾಗಿ ಹೊಂದಿಸಬಹುದು.

ಆದರೆ ಮೊದಲ ಖರ್ಚು ಅದಲ್ಲ. ನಮ್ಮ ಕಡಲ ತೀರದ ಉಪ್ಪು ಗಾಳಿ ಗೊತ್ತಲ್ವಾ? ಬ್ಯಾಟರಿಯ ಅರ್ತ್ ವೈರ್, ಸೆನ್ಸರ್ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕ್ಲೀನ್ ಮಾಡಿಸಿ. ಟರ್ಬೊದ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ಹೋಸ್ ಪೂರ್ತಿ ಕೈಯಾಡಿಸಿ. ಕ್ಲಿಪ್ ಹತ್ತಿರ ಎಣ್ಣೆ ಜಿಡ್ಡು ಜಾಸ್ತಿ ಇದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಅದು ಸರಿಯಾದರೆ ಕಳೆದುಹೋದ ಪವರ್ ಎಷ್ಟೋ ವಾಪಸ್ ಬರುತ್ತದೆ.

ಆಮೇಲೆ ಕ್ಲಚ್. ಪಡುಬಿದ್ರಿ ಕಡೆ ಹೆದ್ದಾರಿ ಖಾಲಿ ಇದ್ದಾಗ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಂತೆ. ಕಂಪನಿಯ 190 ಎನ್‌ಎಂ ಟಾರ್ಕನ್ನೇ (ಎಂಜಿನ್‌ನ ತಿರುಗಿಸುವ ಬಲ) ತಡೆಯದ ಕ್ಲಚ್ ರೀಮ್ಯಾಪ್ ತಡೆಯುವುದಿಲ್ಲ. ಹಾಗಿದ್ದರೆ ದುಡ್ಡು ಅದಕ್ಕೇ ಹಾಕಿ, ರೀಮ್ಯಾಪ್ ಮುಂದಿನ ವರ್ಷಕ್ಕೆ ಇರಲಿ.

ರೀಮ್ಯಾಪ್ ಮಾಡುವ ಟ್ಯೂನರ್‌ನಿಂದ ಇಸಿಯುವಿನ ಮೂಲ ಸಾಫ್ಟ್‌ವೇರ್ ಫೈಲಿನ ಕಾಪಿ ಕೇಳಿ ಇಟ್ಟುಕೊಳ್ಳಿ. ಕೊಡಲ್ಲ ಅಂದರೆ ಬೇರೆಯವರನ್ನು ನೋಡಿ. ಜಾಸ್ತಿ ಪವರ್ ಆಸೆಗೆ ಬೀಳಬೇಡಿ. ಜನ ತುಂಬಿಸಿಕೊಂಡು ಆಗುಂಬೆ ಘಾಟಿ ಹತ್ತುವಾಗ ಕಪ್ಪು ಹೊಗೆ ಬಂದರೆ ಡೀಸೆಲ್ ಅತಿಯಾಗಿದೆ, ಆ ಬಿಸಿಗೆ ಟರ್ಬೊ ಹಾಳಾಗುತ್ತದೆ. ರೀಮ್ಯಾಪ್‌ನಲ್ಲಿ ಡೀಸೆಲ್ ಕಡಿಮೆ ಮಾಡಲು ಹೇಳಿ. ವಿಮೆಯವರಿಗೂ ತಿಳಿಸಿ, ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತೊಂದರೆ ಆಗಬಹುದು.