ಸನ್ಮಾನದ ಫೋಟೊ ಬೇಡ, ಮಕ್ಕಳ ಲೆಕ್ಕ ಕೊಡಿ
(ಸಂಘ-ಸಂಸ್ಥೆಗಳ ಪ್ರಶ್ನೋತ್ತರ)

ಪ್ರಶ್ನೆ: ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳ ಮಕ್ಕಳಿಗೆ ನಮ್ಮ ಟ್ರಸ್ಟ್ ಎರಡು ಕಡೆ ಸಂಜೆ ಪಾಠ ನಡೆಸುತ್ತಿದೆ. ಹದಿನಾಲ್ಕು ಪುಟದ ಪ್ರಸ್ತಾವ ಬರೆದು ಆರು ಕಂಪನಿಗಳಿಗೆ ಕಳಿಸಿದೆವು. ಸಂಘದ ಇತಿಹಾಸ, ಗಣ್ಯರ ಸನ್ಮಾನದ ಫೋಟೊ, ಹತ್ತು ಲಕ್ಷ ರೂಪಾಯಿಯ ಬೇಡಿಕೆ ಎಲ್ಲವೂ ಇತ್ತು. ಒಬ್ಬರೂ ಉತ್ತರ ಬರೆಯಲಿಲ್ಲ. ಎಲ್ಲಿ ತಪ್ಪಿದೆವು?
– ಕಾರ್ಯದರ್ಶಿ, ಡೊಂಬಿವಲಿ, ಮಹಾರಾಷ್ಟ್ರ

ಉತ್ತರ: ನಿಮ್ಮ ಪ್ರಸ್ತಾವವನ್ನು ಮೊದಲು ಓದುವವರ ಕೈಯಲ್ಲಿ ಹಣ ಮಂಜೂರು ಮಾಡುವ ಅಧಿಕಾರ ಇರುವುದಿಲ್ಲ. ಅವರು ಅದನ್ನು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಯ ಮುಂದಿಟ್ಟು ನಿಮ್ಮ ಪರವಾಗಿ ಮಾತಾಡಬೇಕು. ಆ ಮಾತಿಗೆ ಬೇಕಾದದ್ದನ್ನು ನೀವು ಒದಗಿಸಿಲ್ಲ. ಯಾರಿಗೆ, ಎಲ್ಲಿ, ಏನು, ಎಷ್ಟು ತಿಂಗಳು, ಎಷ್ಟು ಹಣ, ಕೊನೆಗೆ ಬದಲಾಗುವುದೇನು ಎಂಬುದೆಲ್ಲ ಮೊದಲ ಪುಟದಲ್ಲೇ ಸಿಗಬೇಕು. ಇತಿಹಾಸಕ್ಕೆ ಕೊನೆಯಲ್ಲಿ ಅರ್ಧ ಪುಟ ಸಾಕು. ಸನ್ಮಾನದ ಫೋಟೊಗಳನ್ನು ತೆಗೆದುಬಿಡಿ.

‘ಶಿಕ್ಷಣ ವಂಚಿತ ಮಕ್ಕಳ ಬಾಳಿಗೆ ಬೆಳಕಾಗುವುದು’ ಎಂದು ಯಾವ ಸಂಸ್ಥೆ ಬೇಕಾದರೂ ಬರೆಯಬಹುದು. ಅದರ ಬದಲು ಹೀಗೆ ಬರೆದು ನೋಡಿ: ‘3ರಿಂದ 5ನೇ ತರಗತಿಯ 60 ಮಕ್ಕಳು ನಮ್ಮಲ್ಲಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಜೂನ್‌ನಲ್ಲಿ ನೋಡಿದಾಗ 2ನೇ ತರಗತಿಯ ಮರಾಠಿ ಪಾಠ ಓದಲು ಬಂದದ್ದು 17 ಮಕ್ಕಳಿಗೆ.’ ಅಂಕಿ ನಿಮ್ಮವೇ ಆಗಿರಲಿ. ಅಂದಾಜು ಬರೆಯಬೇಡಿ, ಎಣಿಸಿ. ಇದಕ್ಕೆ ಮಕ್ಕಳ ಕಲಿಕೆಯನ್ನು ಅಳೆಯುವ, ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆ ಅನುಕೂಲ. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ ಎಂಬ ಮೆಟ್ಟಿಲುಗಳಿರುತ್ತವೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಗುರುತು ಹಾಕಿಕೊಳ್ಳಬೇಕು. ಪ್ರತಿ ಮಗುವನ್ನೂ ಒಂದೊಂದಾಗಿ ಕೂರಿಸಿ ಓದಿಸಿ. ಗುಂಪಾಗಿ ಓದಿಸಿದರೆ ಜಾಣ ಮಗು ಓದಿದ್ದನ್ನೇ ಉಳಿದವರು ಹೇಳುತ್ತಾರೆ, ಲೆಕ್ಕ ಕೆಡುತ್ತದೆ. ಮಾರ್ಚ್‌ನಲ್ಲಿ ಮತ್ತೆ ಓದಿಸಿದರೆ ಫಲಿತಾಂಶ ನಿಮ್ಮ ಕೈಯಲ್ಲೇ ಇರುತ್ತದೆ.

ಸುಗ್ಗಿಗೋ ಜಾತ್ರೆಗೋ ಊರಿಗೆ ಹೋದ ಕುಟುಂಬ ಮರಳಿ ಬಾರದೆ ಇರಬಹುದು, ಸೈಟ್ ಮುಗಿದರೆ ಬೇರೆಡೆಗೆ ಹೋಗಬಹುದು. ಇದನ್ನು ಮುಚ್ಚಿಡಬೇಡಿ. ‘60 ಮಕ್ಕಳು ಸೇರುತ್ತಾರೆ, ವರ್ಷದ ಕೊನೆಗೆ 45 ಉಳಿಯಬಹುದು, ಖಾಲಿಯಾದ ಜಾಗಕ್ಕೆ ಹೊಸಬರನ್ನು ತೆಗೆದುಕೊಂಡು ಅವರ ಲೆಕ್ಕ ಬೇರೆ ಇಡುತ್ತೇವೆ’ ಎಂದು ಮೊದಲೇ ಬರೆಯಿರಿ. 60 ಎಂದು ಮಾತು ಕೊಟ್ಟು ಕೊನೆಗೆ 41 ತೋರಿಸಿದರೆ ಎರಡನೇ ವರ್ಷದ ಹಣ ಹೋದಂತೆಯೇ.

ಈಗ ಆ ಹತ್ತು ಲಕ್ಷದ ವಿಷಯ. ಕೆಳಗಿನ ಮಾದರಿ ನೋಡಿ, ದರಗಳನ್ನು ನಿಮ್ಮ ಕಡೆಯದಕ್ಕೆ ಬದಲಿಸಿಕೊಳ್ಳಿ.

ಶಿಕ್ಷಕರು 4 × 8,000 × 11 ತಿಂಗಳು = 3,52,000
ಸಂಯೋಜಕರು, ಅರ್ಧ ವೇಳೆ 10,000 × 12 = 1,20,000
ಕೋಣೆ ಬಾಡಿಗೆ 2 × 5,000 × 12 = 1,20,000
ಪುಸ್ತಕ, ಸಾಮಗ್ರಿ 60 × 700 = 42,000
ಸಂಜೆ ತಿಂಡಿ 60 × 15 × 200 ದಿನ = 1,80,000
ಓದಿನ ಪರೀಕ್ಷೆ 60 × 2 ಬಾರಿ × 50 = 6,000
ಲೆಕ್ಕಪತ್ರ, ಆಡಿಟ್ = 28,000
ಒಟ್ಟು 8,48,000 ರೂಪಾಯಿ. ಒಂದು ಮಗುವಿಗೆ ಸುಮಾರು 14,133.

ಆಡಿಟ್ ಬಿಟ್ಟರೆ ಪ್ರತಿ ಸಾಲಿಗೂ ಒಂದು ಗುಣಾಕಾರ ಇದೆ ಗಮನಿಸಿ. ‘ಇತರೆ: 1,50,000’ ಎಂಬ ಸಾಲು ಕಂಡರೆ ಓದುವವರ ಪೆನ್ನು ಅಲ್ಲೇ ನಿಲ್ಲುತ್ತದೆ. ತಿಂಡಿಯ ಲೆಕ್ಕ ಬಜೆಟ್‌ನಲ್ಲಿದ್ದು ಚಟುವಟಿಕೆಯ ಪುಟದಲ್ಲಿ ತಿಂಡಿಯ ಮಾತೇ ಇಲ್ಲದಿದ್ದರೂ ಅಷ್ಟೇ. ಎರಡು ಪುಟಗಳನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೊಂದಿಸಿ ನೋಡಿ. ಸದಸ್ಯರ ದೇಣಿಗೆಯಿಂದ ಎಷ್ಟು ಭರಿಸುತ್ತೀರಿ ಎಂಬುದನ್ನೂ ತೋರಿಸಿ. ಬಾಡಿಗೆಯಷ್ಟಾದರೂ ನಿಮ್ಮದಿದ್ದರೆ ಪ್ರಸ್ತಾವಕ್ಕೆ ತೂಕ ಬರುತ್ತದೆ.

ಕಂಪನಿಯನ್ನೂ ಆರಿಸಿ ಕಳಿಸಬೇಕು. ತಾನು ಕೆಲಸ ಮಾಡುವ ಪ್ರದೇಶಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು 2013ರ ಕಂಪನಿ ಕಾಯ್ದೆಯ 135ನೇ ಕಲಮೇ ಹೇಳುತ್ತದೆ. ಹಾಗಾಗಿ ಕಲ್ಯಾಣ್, ಅಂಬರನಾಥ ಕಡೆ ಕಾರ್ಖಾನೆ ಇರುವವರನ್ನು ಮೊದಲು ಹುಡುಕಿ. ಆರು ಕಡೆಗೆ ಒಂದೇ ಪತ್ರ ಕಳಿಸುವುದಕ್ಕಿಂತ ಇಬ್ಬರ ಹಿಂದಿನ ಸಿಎಸ್‌ಆರ್ ವರದಿ ಓದಿ, ಅವರು ಶಿಕ್ಷಣಕ್ಕೆ ಹಣ ಕೊಟ್ಟದ್ದುಂಟೇ ಎಂದು ನೋಡಿ ಬರೆಯುವುದು ಮೇಲು.

ಇನ್ನೊಂದು ಮಾತು, ಇದರಲ್ಲಿ ನಮ್ಮ ಸಂಘಗಳು ಬಹಳ ಎಡವುತ್ತವೆ. ಮಹಾರಾಷ್ಟ್ರದಲ್ಲಿ ವಿಶ್ವಸ್ತರು (ಟ್ರಸ್ಟಿಗಳು) ಬದಲಾದರೆ 90 ದಿನದೊಳಗೆ, ಟ್ರಸ್ಟ್‌ಗಳ ನೋಂದಣಿ ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ದಾಖಲೆಯಲ್ಲಿ ಹಳೆಯ ಅಧ್ಯಕ್ಷರ ಹೆಸರು, ಪ್ರಸ್ತಾವಕ್ಕೆ ಹೊಸ ಅಧ್ಯಕ್ಷರ ಸಹಿ ಇದ್ದರೆ ಎಷ್ಟು ಚೆನ್ನಾಗಿ ಬರೆದಿದ್ದರೂ ಕಾಗದಪತ್ರ ಪರಿಶೀಲನೆಯಲ್ಲೇ ಅದು ನಿಲ್ಲುತ್ತದೆ. ಬರೆಯಲು ಕೂರುವ ಮೊದಲು ಇದನ್ನು ಸರಿಮಾಡಿಕೊಳ್ಳಿ.

ಪ್ರಶ್ನೆ: ‘ಆಡಳಿತ ವೆಚ್ಚ ಶೇ 5 ಮೀರಬಾರದು, ಅದು ಕಾನೂನು’ ಎಂದು ಕಂಪನಿಯವರು ನಮ್ಮ ಲೆಕ್ಕಿಗರ ಸಂಬಳ ಕತ್ತರಿಸಿದ್ದಾರೆ. ಇದು ಸರಿಯೇ?
– ಖಜಾಂಚಿ, ಚಿಂಚವಡ, ಪುಣೆ

ಉತ್ತರ: ಸಿಎಸ್‌ಆರ್ ನಿಯಮಗಳ ಶೇ 5ರ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಆಡಳಿತ ವೆಚ್ಚಕ್ಕೆ ಹಾಕಿದ್ದು. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ತಗಲುವ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ತನ್ನದೇ ನೀತಿಯಿಂದ ಮಿತಿ ಹಾಕಬಹುದು, ಅದು ಬೇರೆ ಮಾತು. ವಿನಯವಾಗಿ ನಿಯಮ ತೋರಿಸಿ ಕೇಳಿ. ಬಜೆಟ್‌ನಲ್ಲೂ ‘ಆಡಳಿತ’ ಎಂದು ಗುಡ್ಡೆ ಹಾಕಬೇಡಿ. ‘ಯೋಜನೆಯ ಲೆಕ್ಕಿಗರು, ತಿಂಗಳಿಗೆ 6 ದಿನ’ ಎಂದು ಕೆಲಸದ ಜೊತೆ ಬರೆಯಿರಿ. ಆ 6 ದಿನಕ್ಕೆ ಹಾಜರಿ ಪುಸ್ತಕವೂ ಇರಲಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಬರುವ ವಿದೇಶಿ ಹಣಕ್ಕೆ ಮಾತ್ರ ಸಂಸ್ಥೆಯ ಆಡಳಿತ ವೆಚ್ಚ ಶೇ 20 ಮೀರಬಾರದೆಂಬ ಮಿತಿ 2020ರಿಂದ ಇದೆ. ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಹೋದ ವರ್ಷವಷ್ಟೇ ಸೊಸೈಟಿ ನೋಂದಾಯಿಸಿದ್ದೇವೆ. ಮೀನುಗಾರಿಕೆ ಜೆಟ್ಟಿಯಲ್ಲಿ ದುಡಿಯುವ ಕನ್ನಡದ ಹೆಣ್ಣುಮಕ್ಕಳಿಗೆ ಆರೋಗ್ಯ ತಪಾಸಣೆ ಮಾಡಿಸುವ ಆಸೆ. ಕಂಪನಿಗಳಿಗೆ ಈಗಲೇ ಬರೆಯಬಹುದೇ?
– ಸಂಚಾಲಕಿ, ವಾಸ್ಕೊ, ಗೋವಾ

ಉತ್ತರ: ಸಿಎಸ್‌ಆರ್ ಹಣಕ್ಕೆ ಈಗ ಆಗುವುದಿಲ್ಲ. ಹೊರಗಿನ ಸಂಸ್ಥೆಗೆ ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ, ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ, ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಬೇಕು. ಅಲ್ಲಿಯವರೆಗೆ ಅರ್ಹತೆ ಇರುವ ಹಿರಿಯ ಸಂಸ್ಥೆಯೊಂದು ಅರ್ಜಿ ಹಾಕಲಿ, ಜೆಟ್ಟಿಯ ಕೆಲಸವನ್ನು ನೀವು ಮಾಡಿ; ಯಾರ ಪಾಲು ಏನೆಂದು ಒಪ್ಪಂದ ಬರೆದಿಟ್ಟುಕೊಳ್ಳಿ. ಕಾಯುವ ಈ ವರ್ಷಗಳಲ್ಲಿ ಸಣ್ಣದಾಗಿಯೇ ಸರಿ, ಕೆಲಸ ನಡೆಯುತ್ತಲೇ ಇರಲಿ. ತಪಾಸಣೆಗೆ ಬಂದವರೆಷ್ಟು, ರಕ್ತಹೀನತೆ ಕಂಡದ್ದು ಎಷ್ಟು ಜನರಲ್ಲಿ, ಅವರಲ್ಲಿ ಚಿಕಿತ್ಸೆ ಪೂರೈಸಿದವರೆಷ್ಟು ಎಂದು ಪ್ರತಿ ಶಿಬಿರದ ಸಂಜೆಯೇ ಬರೆದಿಡಿ. ಹೆಣ್ಣುಮಕ್ಕಳ ಹೆಸರು, ರೋಗದ ವಿವರ ನಿಮ್ಮ ಬೀರುವಿನಲ್ಲಿರಲಿ. ಪ್ರಸ್ತಾವಕ್ಕೆ ಸಂಖ್ಯೆ ಮಾತ್ರ ಹೋಗಲಿ. ಖರ್ಚು ಹತ್ತು ಸಾವಿರವೇ ಆದರೂ ಪ್ರತಿ ವರ್ಷ ಆಡಿಟ್ ಮಾಡಿಸಿ. ಕಂಪನಿಯವರು ಮೊದಲು ಕೇಳುವುದೇ ಆ ಮೂರು ವರ್ಷದ ಆಡಿಟ್ ವರದಿಗಳನ್ನು.